ಗಿಜ್ಲಾನಳ ಕಣಮಳೆ

ಉಜ್ದಾ ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದಲ್ಲಿ ನನ್ನ ಪಕ್ಕದ ಮೇಜು ಗಿಜ್ಲಾನ್ ಯಾಕೂಬಿಯದು. ವೇಗದ ಕಣವೊಂದು ಪತ್ತೆಯಂತ್ರಕ್ಕೆ ಬಡಿದರೆ ಅದರೊಳಗೆ ಸಾವಿರಾರು ಮರಿಕಣಗಳ ಮಳೆಯೇ ಸುರಿಯುತ್ತದೆ. ಪ್ರಯೋಗದಲ್ಲಿ ಕಂಡದ್ದನ್ನು ಅರ್ಥಮಾಡಿಕೊಳ್ಳಬೇಕಾದರೆ ಅಂಥ ಮಳೆಗಳನ್ನು ಕಂಪ್ಯೂಟರಿನಲ್ಲೂ ಕೋಟಿಗಟ್ಟಲೆ ಸುರಿಸಿ ಹೋಲಿಸಬೇಕು. ಪ್ರತಿ ಮರಿಕಣದ ಬೆನ್ನುಹತ್ತಿ ಲೆಕ್ಕಹಾಕುವ ಹಳೆಯ ವಿಧಾನ ನಂಬಿಕಸ್ಥ, ಆದರೆ ಬಲು ನಿಧಾನ. ಆ ಲೆಕ್ಕಗಳನ್ನು ನೋಡಿ ಕಲಿತು, ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಹೊಸ ಮಳೆ ಸೃಷ್ಟಿಸುವ ಯಂತ್ರಕಲಿಕೆಯ ಜಾಲವೊಂದನ್ನು ಗಿಜ್ಲಾನ್ ಕಟ್ಟುತ್ತಿದ್ದಳು.

ಮೊದಲ ಜಾಲವನ್ನು, ಹಲವು ದೇಶಗಳ ಜೊತೆ ನಾವೂ ಪಾಲುಗೊಂಡಿದ್ದ ಆ ಪ್ರಯೋಗದ ಪರೀಕ್ಷಕಿ, ಇಟಲಿಯ ಓರ್ಸೊಲಾ, ತಿರಸ್ಕರಿಸಿದರು. ಅಸಲಿ ನಕಲಿ ಬೇರ್ಪಡಿಸಲೆಂದೇ ಅವರು ಪಳಗಿಸಿದ್ದ ಇನ್ನೊಂದು ಜಾಲ ಗಿಜ್ಲಾನಳ ಹೆಚ್ಚುಕಡಿಮೆ ಎಲ್ಲ ಮಳೆಗಳನ್ನೂ ನಕಲಿಯೆಂದು ಹಿಡಿದುಹಾಕಿತ್ತು. ನಮ್ಮ ಮುಖ್ಯಸ್ಥರಾದ ಉಸ್ತಾದ್ ಮಿಮೂನ್ ಅವಳನ್ನು ಚಹಾಕ್ಕೆ ಕರೆದು, ಬೇರೆ ವಿಷಯ ಹಿಡಿಯೆಂದು ಮೆತ್ತಗೆ ಹೇಳಿದರು.

"ಇದು ದೊಡ್ಡವರ ಆಟ, ಲಲ್ಲಾ ಗಿಜ್ಲಾನ್. ನಮ್ಮ ಹತ್ರ ಇಂಥ ಲೆಕ್ಕಕ್ಕೆ ಇರೋದು ಒಂದೇ ಕಂಪ್ಯೂಟರು, ಅದೂ ಬೇಸಿಗೇಲಿ ಕಾದು ನಿಂತುಬಿಡುತ್ತೆ."

"ಕಾದ್ರೆ ಫ್ಯಾನ್ ಇಡ್ತೀನಿ ಉಸ್ತಾದ್. ಯಾಕೆ ಸಿಕ್ಕಿಬಿದ್ವಿ ಅಂತ ಗೊತ್ತಾಗೋವರೆಗೂ ಬಿಡಲ್ಲ."

ಸಿಕ್ಕಿಬಿದ್ದ ಮಳೆಗಳನ್ನು ಒಂದೊಂದಾಗಿ ತೆರೆದು ನೋಡತೊಡಗಿದಳು. ಪತ್ತೆಯಂತ್ರ ನಮ್ಮ ಮ್ಸೆಮ್ಮೆನ್ ರೊಟ್ಟಿಯಂತೆ ಪದರಪದರವಾದದ್ದು. ಒಟ್ಟು ಶಕ್ತಿ ಸರಿಯಾಗಿಯೇ ಬರುತ್ತಿತ್ತು. ಆದರೆ ಅಸಲಿ ಮಳೆ ಒಮ್ಮೆ ಮೇಲಿನ ಪದರದಲ್ಲೇ ಸುರಿದು ಮುಗಿಯುತ್ತದೆ, ಒಮ್ಮೆ ಆಳಕ್ಕಿಳಿಯುತ್ತದೆ. ಅವಳ ಜಾಲ ಮಾತ್ರ ಎಲ್ಲವನ್ನೂ ಸರಾಸರಿ ಮಾಡಿ ಸಮನಾಗಿ ಹಂಚುತ್ತಿತ್ತು.

ಅವಳು ಕೆಲಸವನ್ನು ಇಬ್ಭಾಗ ಮಾಡಿದಳು. ಯಾವ ಪದರಕ್ಕೆ ಎಷ್ಟು ಶಕ್ತಿಯೆಂದು ಒಂದು ಜಾಲ ನಿರ್ಧರಿಸಬೇಕು. ಅದನ್ನು ಪದರದೊಳಗೆ ಹರಡುವುದು ಇನ್ನೊಂದರ ಪಾಲು. ಮೊದಲ ಯತ್ನ ಇನ್ನೂ ಕೆಟ್ಟದಾಗಿ ಬಂತು. ಅವಳು ಒಂದು ವಾರ ಮುಖ ಊದಿಸಿಕೊಂಡೇ ಇದ್ದು, ಮತ್ತೆ ಕೆಲಸಕ್ಕೆ ಕೂತಳು. ರಂಜಾನ್ ತಿಂಗಳಿಡೀ ಕಂಪ್ಯೂಟರು ಗುಂಯ್‌ಗುಟ್ಟಿತು.

ಹಬ್ಬ ಮುಗಿದ ಮೇಲೆ ವಿಡಿಯೋ ಸಭೆ. ಓರ್ಸೊಲಾ ಎಲ್ಲರೆದುರೇ ಗಿಜ್ಲಾನಳ ಹೊಸ ಮಳೆಗಳ ಮೇಲೆ ತಮ್ಮ ಜಾಲವನ್ನು ಓಡಿಸಿದರು. ಹುಬ್ಬು ಗಂಟಿಕ್ಕಿದರು. ಅದನ್ನು ಹೊಸದಾಗಿ ಪಳಗಿಸಿ, ಊಟದ ನಂತರ ಇನ್ನೊಮ್ಮೆ ಓಡಿಸಿದರು. ಅದರ ತೀರ್ಪು ನಾಣ್ಯ ಚಿಮ್ಮಿ ಹೇಳಿದಂತಿತ್ತು: ಅರ್ಧ ಸರಿ, ಅರ್ಧ ತಪ್ಪು.

"ನನ್ನ ಜಾಲಕ್ಕೆ ವ್ಯತ್ಯಾಸಾನೇ ಕಾಣ್ತಿಲ್ಲ," ಎಂದರು. "ಮುಂದಿನ ಸಲದಿಂದ ಇಡೀ ಪ್ರಯೋಗಕ್ಕೆ ಇದನ್ನೇ ಬಳಸೋಣ."

ಕಚೇರಿಯ ಫತ್ನಾ ಬಾಗಿಲಲ್ಲೇ ನಿಂತು ಮದುವೆಮನೆಯಲ್ಲಿ ಹಾಕುವಂತೆ ಉಲುಲು ಎಂದು ಹರ್ಷದ ಕೂಗು ಹಾಕಿದಳು. ಉಸ್ತಾದ್ ಎದ್ದು ಗಿಜ್ಲಾನಳ ನೆತ್ತಿಗೆ ಮುತ್ತಿಟ್ಟು, ತಾವು ಹೇಳಿದ್ದು ತಪ್ಪಾಯಿತೆಂದು ಎಲ್ಲರಿಗೂ ಕೇಳುವಂತೆಯೇ ಹೇಳಿದರು. ಅವಳು ನಗುತ್ತ, ಅಳುತ್ತ, ಬರ್ಕಾನ್ ಊರಿನಲ್ಲಿದ್ದ ತನ್ನ ಅಮ್ಮನಿಗೆ ಫೋನ್ ಮಾಡಿದಳು.

"ಅಮ್ಮಾ, ನನ್ನ ಮಳೆ ಒಪ್ಪಿಗೆ ಆಯ್ತು."

"ಒಳ್ಳೇದಾಯ್ತು ಮಗಳೇ. ಸ್ವಲ್ಪ ಈ ಕಡೆಗೂ ಕಳ್ಸು, ಕಿತ್ತಳೆ ಗಿಡ ಒಣಗ್ತಿವೆ."