ಸ್ವಾಮಿಯೊಡನೆ ಮಾತು ಬಿಟ್ಟ ಪಾಪಕ್ಕ

ಪಾಪಕ್ಕ ದೇವರಿಗೆ ಹೇಳಬೇಕಾದ್ದನ್ನೆಲ್ಲ ಗುಡಿಯ ಕಂಬಕ್ಕೆ ಹೇಳುತ್ತಿದ್ದಳು. ಬೆಳಿಗ್ಗೆ ಹೂವಿನ ಬುಟ್ಟಿ ಹಿಡಿದು ವೆಂಕಟರಮಣಸ್ವಾಮಿಯ ಗುಡಿಗೆ ಬರುವಳು, ಗರ್ಭಗುಡಿಗೆ ಬೆನ್ನು ತಿರುಗಿಸಿ ನಿಲ್ಲುವಳು, ಮಂಟಪದ ಕಂಬವನ್ನು ನೋಡುತ್ತ ಶುರುಮಾಡುವಳು: “ಕೆರೆ ನೀರು ತಳ ಕಂಡೈತೆ. ಒಳಗಿರೋರಿಗೆ ಮಳೆ ಯೋಚ್ನೆ ಏನಾದ್ರೂ ಐತಾ ಅಂತ ಕೇಳು ಕಂಬವೇ.” ಹೇಳಿ ಮುಗಿದ ಮೇಲೆ ಬುಟ್ಟಿಯನ್ನು ಹೊಸ್ತಿಲ ಬಳಿ ಇಟ್ಟು, ಕೈ ಕೂಡ ಮುಗಿಯದೆ ಹೊರಟುಹೋಗುವಳು.

ನಾನು ಮಾಲೂರು ಕಡೆಯ ಮಾಸ್ತಿಯ ಹುಡುಗಿ. ಮದುವೆಯಾಗಿ ದೇವರಾಯಸಮುದ್ರಕ್ಕೆ ಬಂದ ಹೊಸತರಲ್ಲಿ ಇದನ್ನು ಕಂಡು ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದೆ. ನಮ್ಮತ್ತೆ ಮೊಣಕೈಯಿಂದ ತಿವಿದು, ಆಯಮ್ಮ ಸ್ವಾಮಿ ಜೊತೆ ಮಾತು ಬಿಟ್ಟಿದ್ದಾಳೆ, ನಗಬೇಡ ಎಂದರು. ಆಗ ನನಗೆ ಅರ್ಥವಾಯಿತು. ನಮ್ಮ ಮನೆಗಳಲ್ಲಿ ವಾರಗಿತ್ತಿಯರು ಮಾತು ಬಿಟ್ಟರೆ ಒಲೆಯೇನೂ ಬೇರೆಯಾಗುವುದಿಲ್ಲ. ಒಬ್ಬಳು ಬೆಕ್ಕಿನ ಕಡೆ ತಿರುಗಿ ಸಾರಿಗೆ ಉಪ್ಪು ಸಾಲದು ಎನ್ನುತ್ತಾಳೆ, ಇನ್ನೊಬ್ಬಳು ಗೋಡೆಯ ಕಡೆ ತಿರುಗಿ ಉಪ್ಪಿನ ಮಡಕೆ ಅಲ್ಲೇ ಇದೆಯಲ್ಲ ಎನ್ನುತ್ತಾಳೆ. ಸಂಸಾರ ನಡೆಯುತ್ತಲೇ ಇರುತ್ತದೆ. ಪಾಪಕ್ಕ ಸ್ವಾಮಿಯ ಜೊತೆ ಮಾಡುತ್ತಿದ್ದುದೂ ಅಂಥದೇ ಸಂಸಾರ.

ಸೇವೆಯಲ್ಲಿ ಮಾತ್ರ ಚೂರೂ ಕಡಿಮೆಯಿಲ್ಲ. ಹಿತ್ತಲಿನ ಕನಕಾಂಬರ, ಮರುಗ, ಸೇವಂತಿಗೆ ಎಲ್ಲದರಲ್ಲೂ ಮೊದಲ ಹೂವು ಗುಡಿಗೆ. ಯಾವ ಮಗುವಾದರೂ ಬುಟ್ಟಿಯ ಹತ್ತಿರ ಮೂಗು ತಂದರೆ ಬೆನ್ನಿಗೆ ಗುದ್ದು ಬೀಳುತ್ತಿತ್ತು. ಅಷ್ಟು ಸಿಟ್ಟಿದ್ದರೆ ಹೂವು ಯಾಕೆ ಕೊಡುತ್ತೀಯ ಎಂದು ನಮ್ಮತ್ತೆ ಒಮ್ಮೆ ಕೆಣಕಿದರು. “ಗಂಡನ ಮೇಲೆ ಸಿಟ್ಟು ಬಂತು ಅಂತ ಅವನಿಗೆ ಮುದ್ದೆ ಹಾಕ್ದೆ ಇರ್ತೀಯೇನೇ? ಊಟ ಬೇರೆ, ಜಗಳ ಬೇರೆ,” ಎಂದಳು ಪಾಪಕ್ಕ.

ಊರಿನ ಹೆಂಗಸರು ಕಷ್ಟ ಬಂದಾಗ ಅವಳ ಹಿತ್ತಲಿಗೇ ಹೋಗುತ್ತಿದ್ದರು. ದೇವರ ಜೊತೆ ಜಗಳವಾಡಿದವಳ ಹತ್ತಿರ ದೇವರ ವಿಚಾರ ಕೇಳಲು ಹೋಗುವುದೇ ಎಂದು ನನಗೆ ಸೋಜಿಗ. ಆದರೆ ಎಲ್ಲ ಒಳ್ಳೆಯದಕ್ಕೇ ಆಗುತ್ತದೆ ಎಂದು ಅವಳು ಯಾರಿಗೂ ಹೇಳುತ್ತಿರಲಿಲ್ಲ. ಹಾಗೆ ಹೇಳುವವರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿ. ಅಳುವವಳ ಮುಂದೆ ಒಂದಿಷ್ಟು ಹೂವು, ಬಾಳೆನಾರು ಇಟ್ಟು ಕಟ್ಟು ಎನ್ನುತ್ತಿದ್ದಳು. ತಾನೂ ಕೂತು ಕಟ್ಟುತ್ತಿದ್ದಳು.

ನನಗೂ ಆ ಹಿತ್ತಲಿಗೆ ಹೋಗುವ ದಿನ ಬಂತು. ಎರಡು ಸಲ ತವರಿನಲ್ಲಿ ಹೆತ್ತು, ಎರಡು ಕೂಸನ್ನೂ ತೊಟ್ಟಿಲಿಗೆ ಹಾಕುವ ಮೊದಲೇ ಕಳೆದುಕೊಂಡಿದ್ದೆ. ಮೂರನೆಯದು ಹೊಟ್ಟೆಯಲ್ಲಿದ್ದಾಗ, ತವರಿನ ಬಾಣಂತನ ಆಗಿಬರಲಿಲ್ಲವೆಂದು ನಮ್ಮತ್ತೆ ನನ್ನನ್ನು ಇಲ್ಲೇ ಉಳಿಸಿಕೊಂಡರು. ದಿನ ತುಂಬುತ್ತ ಬಂದಾಗ, ಶನಿವಾರ ಸ್ವಾಮಿಯ ಹತ್ತಿರ ಹೂವು ಕೇಳಿಬಿಡೋಣ ಎಂದರು. ಅರ್ಚಕರು ಸ್ವಾಮಿಯ ಎರಡು ಭುಜಕ್ಕೂ ಒದ್ದೆ ಹೂವು ಅಂಟಿಸುತ್ತಾರೆ. ಬಲಗಡೆಯದು ಮೊದಲು ಬಿದ್ದರೆ ಮಗು ಉಳಿಯುತ್ತದೆ, ಎಡಗಡೆಯದು ಬಿದ್ದರೆ ಇಲ್ಲ. ಅತ್ತೆಗೆ ಅದರಿಂದ ಸಮಾಧಾನ. ನನಗೆ ಮಾತ್ರ ಅಂದಿನಿಂದ ಅನ್ನ ಸೇರಲಿಲ್ಲ. ಎಡಗಡೆ ಬಿದ್ದರೆ ಹೊಟ್ಟೆಯಲ್ಲಿ ಒದೆಯುತ್ತಿರುವ ಕೂಸನ್ನು ಯಾವ ಮನಸ್ಸಿನಿಂದ ಹೊರಲಿ?

ಹಿತ್ತಲಿಗೆ ಹೋಗಿ ಅವಳ ಮುಂದೆ ಇದನ್ನೆಲ್ಲ ಹೇಳಿಕೊಂಡು ಅತ್ತುಬಿಟ್ಟೆ. ಪಾಪಕ್ಕ ನಾರನ್ನು ಪಕ್ಕಕ್ಕಿಟ್ಟಳು. ಪ್ಲೇಗು ಬಂದು ಊರೆಲ್ಲ ಹೊಲದ ಗುಡಿಸಲು ಸೇರಿದ್ದ ವರ್ಷದ ಕತೆಯನ್ನು ಅವತ್ತು ಅವಳ ಬಾಯಿಂದಲೇ ಕೇಳಿದೆ. ಗಂಡ ಮೊದಲೇ ತೀರಿಕೊಂಡಿದ್ದ. ಇದ್ದೊಬ್ಬ ಮಗ ಗೋಪಾಲನಿಗೆ ಜ್ವರ ಬಂದಾಗ ಅವಳು ಹೂವು ಕೇಳಿಸಿದ್ದಳು.

“ಬಲಗಡೆ ಬಿತ್ತು ಕಣೇ. ಉಳ್ಕೋತಾನೆ ಅಂತ ನಂಬ್ಕೊಂಡು ರಾಗಿ ಕುಯ್ಯೋಕೆ ಹೋದೆ. ಬರೋ ಹೊತ್ಗೆ ಮಗ ಇರ್ಲಿಲ್ಲ. ಸತ್ತಿದ್ದಕ್ಕಲ್ಲ ನನ್ ಸಿಟ್ಟು, ಊರಲ್ಲಿ ಎಷ್ಟೋ ಮಕ್ಳು ಹೋದ್ವು. ಆ ಹೂವು ಬೀಳ್ದೆ ಇದ್ದಿದ್ರೆ ನಾನು ಪಕ್ಕದಲ್ಲಿ ಕೂತಿರ್ತಿದ್ದೆ.”

ನನ್ನ ಅಳು ಅಲ್ಲಿಗೇ ನಿಂತುಹೋಯಿತು. ಹಾಗಾದರೆ ನಾನು ಸ್ವಾಮಿಯನ್ನು ಏನು ಕೇಳಲಿ ದೊಡ್ಡಮ್ಮ ಎಂದೆ.

“ಏನಾಗುತ್ತೆ ಅಂತ ಕೇಳ್ಬೇಡ. ಜೊತೇಲಿರು ಅಂತ ಕೇಳು. ಅಷ್ಟು ಮಾಡ್ತಾನೆ.”

ಮಾತು ಬಿಟ್ಟವಳಿಗೆ ಅವನ ಮೇಲೆ ಇಷ್ಟು ನಂಬಿಕೆಯೇ ಎಂದು ನನ್ನ ಬಾಯಿಗೆ ಬಂದುಬಿಟ್ಟಿತು. ಅವಳು ನನ್ನನ್ನು ಪೆದ್ದಿಯನ್ನು ನೋಡುವಂತೆ ನೋಡಿದಳು. “ನಂಬ್ಕೆ ಇಲ್ದೆ ಇದ್ರೆ ಇಷ್ಟು ವರ್ಷ ಯಾರಾದ್ರೂ ಸಿಟ್ಟು ಇಟ್ಕೋತಾರೇನೇ?” ಎಂದು ಮತ್ತೆ ಹೂವು ಕಟ್ಟತೊಡಗಿದಳು. ಸಂಜೆ ಅವಳೇ ಬಂದು ನಮ್ಮತ್ತೆಯ ಹತ್ತಿರ ವಾದ ಮಾಡಿ, ಹೂವು ಕೇಳುವುದನ್ನು ನಿಲ್ಲಿಸಿದಳು. ಅತ್ತೆ ಒಂದು ವಾರ ಮುಖ ಊದಿಸಿಕೊಂಡಿದ್ದರು.

ನೋವು ಶುರುವಾದದ್ದು ಒಂದು ಬೆಳಿಗ್ಗೆ. ಮಧ್ಯಾಹ್ನದ ಹೊತ್ತಿಗೆ ಸೂಲಗಿತ್ತಿಯ ಮುಖ ಸಪ್ಪಗಾಗಿತ್ತು. ಹೊರಗೆ ಜಗಲಿಯಲ್ಲಿ ಕೂತಿದ್ದ ಪಾಪಕ್ಕ ಒಳಗೆ ಬರಲು ಎದ್ದಳಂತೆ. ಮಗನನ್ನು ಕಳೆದುಕೊಂಡ ವಿಧವೆ ಹೆರಿಗೆ ಕೋಣೆಗೆ ಕಾಲಿಡಬಾರದು ಎಂದು ನೆಂಟರಲ್ಲಿ ಯಾರೋ ಗೊಣಗಿದರು. ಅವಳು ಜಗಲಿ ಇಳಿದು ಹೊರಟುಹೋದಳು. ಮುಂದೆ ನಡೆದದ್ದನ್ನು ಹೆಸರಿಡುವ ದಿನ ಅರ್ಚಕರು ನಮಗೆ ಹೇಳಿದರು.

ಅರ್ಚಕರು ಗುಡಿಯ ಬಾಗಿಲು ಹಾಕಿ ಊಟಕ್ಕೆ ಕೂತಿದ್ದರು. ಪಾಪಕ್ಕ ಅವರನ್ನು ಎಲೆಯ ಮುಂದಿನಿಂದ ಎಬ್ಬಿಸಿ ಬಾಗಿಲು ತೆಗೆಸಿದಳು. ಕಂಬವನ್ನು ತಿರುಗಿಯೂ ನೋಡದೆ ನೇರ ಹೊಸ್ತಿಲಿಗೆ ಹೋಗಿ, ತನ್ನ ತವರಿನ ತೆಲುಗಿನಲ್ಲಿ ಏಮಯ್ಯಾ ಎಂದು ಸ್ವಾಮಿಯನ್ನು ಕರೆದಳು. “ಆ ಹುಡುಗಿ ಪಕ್ಕದಲ್ಲಿ ಕೂರೋಕೆ ನನ್ನ ಬಿಡಲ್ಲಂತೆ. ನೀನು ಹೋಗಿ ಕೂತ್ಕೋ. ನೀನು ಬರೋವರ್ಗೂ ಗುಡಿ ನಾನು ನೋಡ್ಕೋತೀನಿ.”

ಹೇಳಿದವಳು ಹೊಸ್ತಿಲ ಪಕ್ಕದಲ್ಲೇ ಕೂತುಬಿಟ್ಟಳು. ಅರ್ಚಕರು ಬಾಗಿಲು ಹಾಕಲು ಬಂದರೆ, ಹೋದವನು ವಾಪಸು ಬರಬೇಕಲ್ಲ ಎಂದು ತಡೆದಳು. ಸಂಜೆ, ಹೆಣ್ಣು ಮಗು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ ಎಂದು ಸುದ್ದಿ ಬಂದ ಮೇಲೆ ಸೀರೆ ಕೊಡವಿಕೊಂಡು ಎದ್ದಳು. ಮಂಟಪಕ್ಕೆ ಬಂದು ಕಂಬದ ಕಡೆ ತಿರುಗಿ, ಒಂದು ಸಲ ಮಾತಾಡಿದೆ ಅಂತ ರಾಜಿಯಾಯಿತು ಅಂದುಕೊಳ್ಳಬೇಡ ಎಂದು ಒಳಗಿರುವವರಿಗೆ ಹೇಳು ಎಂದಳಂತೆ. ಅರ್ಚಕರು ಇದನ್ನು ಹೇಳುತ್ತ ನಗುತ್ತಿದ್ದರು, ಕಣ್ಣೂ ಒರೆಸಿಕೊಳ್ಳುತ್ತಿದ್ದರು.

ಅವತ್ತು ನನ್ನ ಪಕ್ಕದಲ್ಲಿ ಯಾರಾದರೂ ಬಂದು ಕೂತಿದ್ದರೇ ಎಂದು ಕೇಳಿದರೆ ನಾನು ಸುಳ್ಳು ಹೇಳಲಾರೆ. ಆ ನೋವಿನಲ್ಲಿ ಏನೂ ತಿಳಿಯುತ್ತಿರಲಿಲ್ಲ. ಜೊತೆಯಲ್ಲಿರು, ಜೊತೆಯಲ್ಲಿರು ಎಂದು ಹೇಳುತ್ತಲೇ ಇದ್ದೆ. ಒಬ್ಬಳೇ ಇದ್ದೇನೆ ಎಂದು ಮಾತ್ರ ಒಂದು ಗಳಿಗೆಯೂ ಅನ್ನಿಸಲಿಲ್ಲ.

ಮಗಳು ಬೀದಿಯಲ್ಲಿ ಕುಂಟೆಬಿಲ್ಲೆ ಆಡುವಷ್ಟು ದೊಡ್ಡವಳಾದಳು. ಎರಡನೇ ಮಹಾಯುದ್ಧ ಮುಗಿದು, ಸೀಮೆಎಣ್ಣೆಗೆ ಇನ್ನೂ ಪರದಾಡುತ್ತಿದ್ದ ಕಾಲ. ಪಾಪಕ್ಕ ಉಬ್ಬಸ ಹೆಚ್ಚಾಗಿ ಮಲಗಿದಳು. ಬುಟ್ಟಿ ಹೊರುವ ಕೆಲಸ ನನ್ನದಾಯಿತು. ಒಂದು ಸಂಜೆ ತೀರ್ಥ ತೆಗೆದುಕೊಂಡು ಹೋದೆ. ಚಮಚದಲ್ಲಿ ಹಾಕಿದ್ದನ್ನು ಕುಡಿದಳು. ಈಗಲಾದರೂ ರಾಜಿಯಾಗಬಾರದೇ ದೊಡ್ಡಮ್ಮ, ಸ್ವಾಮಿಗೆ ನಾನು ಏನಾದರೂ ಹೇಳಲೇ ಎಂದು ಕೇಳಿದೆ.

“ಏನೂ ಹೇಳ್ಬೇಡ. ಅಲ್ಲಿಗೇ ಹೋಗ್ತಿದೀನಲ್ಲ. ನಮ್ ಗೋಪಾಲನ ಕೈ ಹಿಡ್ಕೊಂಡು ಅವನೇ ಬಾಗ್ಲಿಗೆ ಬರ್ಲಿ. ಆವಾಗ ಮಾತಾಡ್ತೀನಿ,” ಎಂದು ಗೋಡೆಯ ಕಡೆ ಮಗ್ಗುಲಾದಳು.

ನಾನು ಮನೆಗೆ ಹೋಗಲಿಲ್ಲ. ನೇರ ಗುಡಿಗೆ ಹೋಗಿ ಹೊಸ್ತಿಲ ಮುಂದೆ ನಿಂತೆ. ಬೇಡವೆಂದು ಅವಳು ಹೇಳಿದ್ದರೂ, ಗೋಪಾಲನನ್ನು ಕರೆದುಕೊಂಡೇ ಬಾಗಿಲಿಗೆ ಹೋಗು ಸ್ವಾಮಿ, ಬರಿಗೈಯಲ್ಲಿ ಮಾತ್ರ ಹೋಗಬೇಡ ಎಂದು ಕೇಳಿಕೊಂಡೆ. ಬೆಳಗಾಗುವಷ್ಟರಲ್ಲಿ ಪಾಪಕ್ಕ ಇರಲಿಲ್ಲ.