ಹುಬ್ಬಿಲ್ಲದ ಚೈನಾ ಭಟ್ಟರು

ಅವರ ಮುಖದಲ್ಲಿ ಹುಬ್ಬೇ ಇರಲಿಲ್ಲ. ಹುಬ್ಬಿರಬೇಕಾದ ಜಾಗ ನುಣ್ಣಗೆ, ಸ್ವಲ್ಪ ಕೆಂಪಗೆ ಹೊಳೆಯುತ್ತಿತ್ತು. ಹಾಂಗ್‌ಕಾಂಗಿನ ಒಂದು ಅಡುಗೆಮನೆಯಲ್ಲಿ, ಎದೆಮಟ್ಟ ಏಳುವ ಉರಿಯ ಮುಂದೆ ಇಪ್ಪತ್ತು ವರ್ಷ ಬಾಣಲೆ ಆಡಿಸಿ ಸುಟ್ಟುಕೊಂಡದ್ದು ಅದು. ಹುಬ್ಬಿಲ್ಲದ ಮನುಷ್ಯನ ಕೈಕೆಳಗೆ ಕೆಲಸ ಮಾಡುವುದು ಎಷ್ಟು ಕಷ್ಟ ಎಂದು ನನಗೆ ಆಮೇಲೆ ಗೊತ್ತಾಯಿತು. ಸಿಟ್ಟು ಬಂದಿದೆಯೋ ನಗು ಬಂದಿದೆಯೋ ತಿಳಿಯುವುದೇ ಇಲ್ಲ. ಬಾಯಿ ಬಿಡುವವರೆಗೆ ಕಾಯಬೇಕು. ಅವರೋ ಬಾಯಿ ಬಿಡುತ್ತಿದ್ದುದೇ ಅಪರೂಪ.

ಹುಟ್ಟಿದ್ದು ಟಿ. ನರಸೀಪುರದಲ್ಲಿ. ಹುಡುಗನಾಗಿದ್ದಾಗಲೇ ಬೊಂಬಾಯಿಗೆ ಓಡಿಹೋಗಿ, ಹಡಗಿನಲ್ಲಿ ಪಾತ್ರೆ ತೊಳೆದು, ಕೊನೆಗೆ ಹಾಂಗ್‌ಕಾಂಗ್ ಸೇರಿ, ಚೀನಾದ ದಕ್ಷಿಣದ ಕ್ಯಾಂಟನ್ ಕಡೆಯ ಅಡುಗೆಯನ್ನು ಒಬ್ಬ ಮುದುಕ ಗುರುವಿನಿಂದ ಕಲಿತರು. ತೊಂಬತ್ತರ ದಶಕದ ಕೊನೆಗೆ ವಾಪಸು ಬಂದವರು ಬೆಂಗಳೂರು, ಮೈಸೂರು ಎರಡನ್ನೂ ಬಿಟ್ಟು ನಂಜನಗೂಡಿನಲ್ಲಿ ಹೋಟೆಲು ತೆಗೆಯುತ್ತೇನೆ ಎಂದಾಗ ಊರೆಲ್ಲ ನಕ್ಕಿತು. ಅಡುಗೆಯವರು ಯಾವ ಜಾತಿಯವರಾದರೂ ನಮ್ಮ ಕಡೆ ಭಟ್ಟರೇ. ಹಾಗಾಗಿ ಅವರು ಚೈನಾ ಭಟ್ಟರಾದರು.

ಅವರ ಕಣ್ಣು ಬಿದ್ದದ್ದು ಕಪಿಲಾ ನದಿಯ ಕಡೆಗಿನ ಹಳೇ ಛತ್ರದ ಮೇಲೆ. ಅರಸರ ಕಾಲದ ಕಟ್ಟಡ. ಕಲ್ಲಿನ ಕಂಬ, ನಡುವೆ ತೆರೆದ ಅಂಗಳ, ಹಿಂದೆ ನಾಲ್ಕು ಆಳೆತ್ತರದ ಹೊಗೆಗೂಡಿನ ಅಡುಗೆಮನೆ. ಯಾತ್ರಿಕರಿಗೆ ಊಟ ಹಾಕಲೆಂದು ಯಾರೋ ಹಿರಿಯರು ಕಟ್ಟಿಸಿದ್ದು, ಮುಚ್ಚಿ ವರ್ಷಗಳಾಗಿದ್ದವು. ಅದನ್ನು ಕಟ್ಟಿಸಿದ ಮನೆತನದ ಸೊಸೆ, ನಾವೆಲ್ಲ ಛತ್ರದವ್ವ ಎನ್ನುತ್ತಿದ್ದ ಮುದುಕಿ, ಗೋಡೆಯಾಚೆಯ ಮನೆಯಲ್ಲಿದ್ದರು. ಅವರ ಅಳಿಯಂದಿರಿಗೆ ಅದನ್ನು ಕೆಡವಿ ಅಂಗಡಿ ಮಳಿಗೆ ಕಟ್ಟುವ ಆಸೆ. ಭಟ್ಟರು ಹೋಗಿ ಕೇಳಿದಾಗ ಮುದುಕಿ ಬಹಳ ಹೊತ್ತು ಅವರ ಹಣೆಯನ್ನೇ ನೋಡಿ ಹೇಳಿದರಂತೆ:

"ಮಾಂಸ ಮೊಟ್ಟೆ ಒಳಕ್ಕೆ ಬರಂಗಿಲ್ಲ. ಮೊದಲ್ನೇ ದಿನ ಊರ ಹಿರೀಕರ್ನ ಕರ್ದು ಊಟಕ್ಕಿಕ್ಕು. ಎಲೆ ಮುಂದೆ ಕೂತೋರು ಉಂಡೆದ್ರೆ ಬೀಗದಕೈ ನಿಂದು. ಎಲೆ ಅಂಗೇ ಬಿಟ್ಟೆದ್ರೆ ಅಳಿಯಂದ್ರು ಕೆಡವ್ಕೊಳ್ಳಿ, ನಾನು ಅಡ್ಡ ಬರಾಕಿಲ್ಲ."

ಭಟ್ಟರು ಒಪ್ಪಿಕೊಂಡರು. ಕ್ಯಾಂಟನ್ ಕಡೆಯ ಬೌದ್ಧ ಮಠಗಳಲ್ಲೂ ಮಾಂಸವಿಲ್ಲದ ಅಡುಗೆಯೇ ಅಂತೆ.

ನಾನು ಆಗ ಬದನವಾಳಿನ ಖಾದಿ ಕೇಂದ್ರದಲ್ಲಿ ನೂಲುತ್ತಿದ್ದೆ. ಊರು ದೇವನೂರು. ಕೈಕೆಲಸ ಗೊತ್ತಿರುವ ಹೆಂಗಸರು ಬೇಕು ಎಂದು ಸುದ್ದಿ ಬಂದಿತ್ತು. ಬಸ್ಸು ಹತ್ತಿ ಹೋದರೆ ಈ ಮನುಷ್ಯ ನನ್ನ ಮುಖ ನೋಡಲಿಲ್ಲ, ಹೆಸರು ಕೇಳಲಿಲ್ಲ. "ಕೈ ಕೊಡವ್ವ" ಎಂದು ನನ್ನ ಬೆರಳ ತುದಿಗಳನ್ನು ಒತ್ತಿ ನೋಡಿದರು. ತರಕಾರಿ ಕೊಳ್ಳುವ ಹಾಗೆ! ನನಗೆ ಮೈಯೆಲ್ಲ ಉರಿಯಿತು.

"ಬೆಂಡೇಕಾಯಾ ಸಾ ಇದು, ಮುರ್ದು ನೋಡಕ್ಕೆ?" ಎಂದೆ.

"ಎಳೆ ಕಡೀದಂಗೆ ನೂಲೋ ಬೆರಳು. ನಾಳೆ ಬಾ" ಎಂದರು.

ಕಲಿಸಿದ್ದು ಒಂದೇ ಒಂದು ತಿಂಡಿ, ಕಲಿಸಿದ್ದು ನಾಲ್ಕು ತಿಂಗಳು. ಗೋಧಿ ನೆನೆಸಿ ಅರೆದು ಹಾಲು ತೆಗೆದು, ಅದು ತಳಕ್ಕೆ ಕೂತ ಮೇಲೆ ಸಿಗುವ ಬಿಳಿ ಹಿಟ್ಟನ್ನು ಕುದಿನೀರಿನಲ್ಲಿ ಕಲೆಸಿ, ಕಾಗದದಷ್ಟು ತೆಳ್ಳಗೆ ಒತ್ತಬೇಕು. ಒಳಗೆ ಅಣಬೆ, ಶುಂಠಿ, ಸಣ್ಣಗೆ ಹೆಚ್ಚಿದ ಎಳೆ ಬಾಳೆದಿಂಡು. ಅಂಚನ್ನು ಬೆರಳಲ್ಲೇ ನೆರಿಗೆ ಹಿಡಿದು ಮುಚ್ಚಬೇಕು. ಬೆಂದರೆ ಒಳಗಿನದೆಲ್ಲ ಹೊರಗೆ ಕಾಣುತ್ತದೆ. ನಾವು ಅದನ್ನು ಗಾಜಿನ ಕಡುಬು ಎಂದೆವು. ಬೇಯಿಸಲು ಬಿದಿರಿನ ಬುಟ್ಟಿ ಬೇಕಿತ್ತು, ಟಿ. ನರಸೀಪುರದ ಮೇದರಿಂದ ಹೆಣೆಸಿ ತಂದರು. ನನ್ನ ನೆರಿಗೆ ಸರಿಯಿಲ್ಲದಿದ್ದರೆ ಒಂದು ಮಾತೂ ಆಡದೆ ಕಡುಬನ್ನು ಬಿಚ್ಚಿ ಮತ್ತೆ ನನ್ನ ಮುಂದೆ ಇಡುತ್ತಿದ್ದರು. ಒಂದು ದಿನ ಎಂಟು ಸಲ ಬಿಚ್ಚಿದಾಗ ನಾನು ಅತ್ತೇಬಿಟ್ಟೆ. ಆಗ ಅವರು ಹೇಳಿದ್ದು ಇಷ್ಟೇ: "ಎಣ್ಣೇಲಿ ಕರಿದ್ರೆ ತಪ್ಪೆಲ್ಲಾ ಮುಚ್ಚೋಗ್ತದೆ ಕಣವ್ವ. ಹಬೇಲಿ ಮುಚ್ಚಾಕಿಲ್ಲ."

ಇಷ್ಟರಲ್ಲಿ ಊರಿನ ಹುಡುಗರು ಬಾಗಿಲಿಗೆ ಬಂದು "ಗೋಬಿ ಮಂಚೂರಿ ಅದಾ?" ಎಂದು ಕೇಳತೊಡಗಿದ್ದರು. ಆ ಕಾಲದಲ್ಲಿ ಚೈನಾ ಎಂದರೆ ತಳ್ಳುಗಾಡಿಯ ಕೆಂಪು ಗೋಬಿ, ಅಷ್ಟೇ. ಭಟ್ಟರಿಗೆ ಅದನ್ನು ಕೇಳಿದರೆ ಹಲ್ಲುನೋವು ಬಂದಂತಾಗುತ್ತಿತ್ತು. "ಅದ್ನ ಚೀನಾದೋರಿಗೆ ಕೊಟ್ರೆ ನಿಮ್ಮೂರ ತಿಂಡಿನಾ ಅಂತ ಕೇಳ್ತಾರೆ, ಓಗ್ರಪ್ಪ" ಎಂದು ಕಳಿಸುತ್ತಿದ್ದರು.

ಕಟ್ಟಡಕ್ಕೆ ಅವರು ಮಾಡಿದ್ದು ಕಡಿಮೆ. ಕಂಬದ ಸುಣ್ಣ ಕೆರೆದು ಕಲ್ಲನ್ನು ಹಾಗೇ ಬಿಟ್ಟರು, ಅಂಗಳದ ಸುತ್ತ ಉದ್ದನೆ ಮರದ ಮೇಜು ಹಾಕಿಸಿದರು, ಬಿಳಿ ಗಾಜಿನ ದೀಪ ಇಳಿಬಿಟ್ಟರು. ತಟ್ಟೆ ಬೇಡ, ಛತ್ರಕ್ಕೆ ಬಾಳೆಲೆಯೇ ಸರಿ ಎಂದರು. ಮೆನು ಕಾರ್ಡು ಇಲ್ಲ. ಎಲ್ಲರಿಗೂ ಒಂದೇ ಊಟ, ಏಳು ಸುತ್ತು. ಅನ್ನ ಏಳನೆಯ ಸುತ್ತು, ಬಾಳೆಲೆಯ ಪೊಟ್ಟಣದಲ್ಲಿ ಬೆಂದದ್ದು. ಚೀನೀಯರ ಔತಣದಲ್ಲಿ ಅನ್ನ ಬರುವುದು ಕೊನೆಗೇ ಅಂತೆ.

ಮೊದಲ ದಿನ ಬಂತು. ನಲವತ್ತು ಎಲೆ. ನಿವೃತ್ತ ಹೆಡ್‌ಮಾಸ್ಟರು, ಅಕ್ಕಿ ಮಂಡಿಯವರು, ಹಾಲಿನ ಸೊಸೈಟಿಯವರು, ಮುಖ ಗಂಟಿಕ್ಕಿದ ಇಬ್ಬರು ಅಳಿಯಂದಿರು. ಮೇಲ್ತುದಿಯಲ್ಲಿ ಛತ್ರದವ್ವ. ನಾನು ಬಿಸಿ ಬುಟ್ಟಿ ಹಿಡಿದು ಎಲೆಗೆ ಮೂರರಂತೆ ಗಾಜಿನ ಕಡುಬು ಬಡಿಸಿದೆ. ಎಲ್ಲರೂ "ಎಷ್ಟು ಚೆನ್ನಾಗದೆ" ಎಂದು ಬಗ್ಗಿ ನೋಡಿದರು. ಯಾರೂ ಮುಟ್ಟಲಿಲ್ಲ.

ಒಳಗೆ ಹೋದರೆ ಭಟ್ಟರು ಬಾಗಿಲ ಸಂದಿಯಲ್ಲಿ ಕಣ್ಣಿಟ್ಟು ನಿಂತಿದ್ದರು. ಆ ಕಡುಬು ಹಬೆಯಿಂದ ಇಳಿದ ಐದು ನಿಮಿಷದೊಳಗೆ ಬಾಯಿಗೆ ಹೋಗಬೇಕು, ಆಮೇಲೆ ರಬ್ಬರು. "ಇಡಿಸ್ನಿಲ್ಲ ಅವ್ರಿಗೆ. ಎರಡ್ನೇದು ಕೊಡು" ಎಂದರು. ಎರಡನೆಯದು ಬಡಿಸಿದೆ. ಮುಟ್ಟಲಿಲ್ಲ. ಮೂರನೆಯದು, ನಾಲ್ಕನೆಯದು. ಎಲೆ ತುಂಬುತ್ತಾ ಬಂತು, ಹಬೆ ಆರುತ್ತಾ ಬಂತು. ನಲವತ್ತು ಜನ ಕೈ ಕಟ್ಟಿಕೊಂಡು ಕೂತಿದ್ದಾರೆ, ಒಬ್ಬರೂ ಗೊಣಗುವುದಿಲ್ಲ. ಅಳಿಯಂದಿರಲ್ಲಿ ಹಿರಿಯವನು ತಲೆಯೆತ್ತಿ ಹೊಗೆಗೂಡು ನೋಡುತ್ತಿದ್ದ, ಯಾವ ಕಡೆಯಿಂದ ಕೆಡವಲಿ ಎನ್ನುವ ಹಾಗೆ.

ಭಟ್ಟರು ಒರಳುಕಲ್ಲಿನ ಮೇಲೆ ಕೂತುಬಿಟ್ಟರು. ಆ ಮುಖ ನೋಡಿದರೆ ಏನೂ ತಿಳಿಯುವುದಿಲ್ಲ ಎಂದೆನಲ್ಲ, ಅವತ್ತು ತಿಳಿಯಿತು.

ನನ್ನ ದಡ್ಡತನವನ್ನೂ ಹೇಳಿಬಿಡಬೇಕು. ಅವರು ಯಾಕೆ ಉಣ್ಣುತ್ತಿಲ್ಲ ಎಂದು ನನಗೆ ಆಶ್ಚರ್ಯವೇ ಆಗಿರಲಿಲ್ಲ. ಪಂಕ್ತಿಯಲ್ಲಿ ಕೋಸಂಬರಿ, ಪಲ್ಯ ಎಲ್ಲ ಬಡಿಸುವಾಗ ಯಾರು ತಾನೇ ಕೈ ಹಾಕುತ್ತಾರೆ? ಸುಮ್ಮನೆ ಕೇಳಿದೆ: "ಅನ್ನ ಯಾವಾಗ ಬಿಡ್ಲಿ ಸಾ? ಆಗ್ಲಿಂದ ಕಾಯ್ತಾವ್ರೆ."

"ಅನ್ನ ಕೊನೇಗೆ."

"ಕೊನೇಗಾ? ಅಂಗಾದ್ರೆ ಅವ್ರು ಉಣ್ಣಕ್ಕೆ ಶುರು ಮಾಡಾದು ಯಾವಾಗ?"

ಅವರು ನನ್ನನ್ನು ನೋಡಿದರು. ಆಮೇಲೆ ಎರಡೂ ಕೈಯಲ್ಲಿ ಹಣೆ ಬಡಿದುಕೊಂಡರು. ಅನ್ನ ಬಿದ್ದು, ಅದರ ಮೇಲೆ ತುಪ್ಪ ಬಿದ್ದು, ಹಿರಿಯರು ಕೈ ಇಡುವವರೆಗೆ ಎಲೆ ಮುಟ್ಟಬಾರದು. ಇದನ್ನು ನಮಗೆ ಯಾರೂ ಹೇಳಿಕೊಡುವುದಿಲ್ಲ, ನಡೆಯಲು ಕಲಿಯುವಾಗಲೇ ಕಲಿತಿರುತ್ತೇವೆ. ಚಿಕ್ಕಂದಿನಲ್ಲಿ ಅಮ್ಮನ ಜೊತೆ ನಂಜನಗೂಡಿಗೆ ಬಂದು ಇದೇ ಛತ್ರದಲ್ಲಿ ಉಂಡಿದ್ದ ಮನುಷ್ಯ ಅದನ್ನು ಹಾಂಗ್‌ಕಾಂಗಿನಲ್ಲಿ ಮರೆತು ಬಂದಿದ್ದರು. ಎಲೆ ಹಾಕಿ ಊಟದ ಕ್ರಮ ಬದಲಿಸಿದ್ದೇ ತಪ್ಪಾಗಿತ್ತು.

ಪೊಟ್ಟಣದ ಅನ್ನ ಬೇಯಲು ಇನ್ನೂ ಅರ್ಧ ಗಂಟೆ ಬೇಕು. ಭಟ್ಟರು ಏಪ್ರನ್ನಿಗೆ ಕೈ ಒರೆಸಿಕೊಂಡು ನೇರ ಹೊರಗೆ ಹೋದರು. ಛತ್ರದವ್ವನ ಎದುರು ನಿಂತು ಎಲ್ಲರಿಗೂ ಕೇಳುವಂತೆ ಹೇಳಿದರು: "ನಮ್ಮ ಪದ್ಧತೀನೇ ಮರ್ತುಬುಟ್ಟೆ ಕಣವ್ವ. ಅನ್ನ ಇನ್ನೂ ಬೆಂದಿಲ್ಲ. ನಂದೇ ತಪ್ಪು."

ಹಿರಿಯ ಅಳಿಯ ಏಳಲು ಹೊರಟ. ಛತ್ರದವ್ವ ಅವನನ್ನು ಒಂದು ನೋಟ ನೋಡಿ ತಾವೇ ಎದ್ದರು. ಎಲೆಗೆ ಇನ್ನೂ ಯಾರೂ ಕೈ ಇಟ್ಟಿರಲಿಲ್ಲವಲ್ಲ, ಏಳಬಹುದಿತ್ತು. "ಯಾರೂ ಎದ್ದೇಳಬ್ಯಾಡಿ. ನಮ್ಮನೇಲಿ ಬಿಸಿ ಅನ್ನ ಅದೆ" ಎಂದು ಗೋಡೆಯಾಚೆ ಹೋಗಿ, ಮನೆಯವರಿಗೆಂದು ಮಾಡಿದ್ದ ಅನ್ನದ ತಪ್ಪಲೆಯನ್ನು ಮಗಳ ಕೈಲಿ ಹೊರಿಸಿಕೊಂಡು, ತುಪ್ಪದ ಗಿಂಡಿ ತಾವೇ ಹಿಡಿದು ಬಂದರು. ಪ್ರತಿ ಎಲೆಗೂ ಒಂದೊಂದು ಚಮಚ ಅನ್ನ, ಒಂದೊಂದು ತೊಟ್ಟು ತುಪ್ಪ. "ಈಗ ನಿನ್ನ ಕಡುಬು ತತ್ತಾ, ಬಿಸೀದು" ಎಂದರು ನನಗೆ.

ಒಲೆಯ ಮೇಲೆ ಎರಡನೆಯ ಸಲಕ್ಕೆಂದು ಇಟ್ಟ ಬುಟ್ಟಿಗಳಿದ್ದವು. ನಾನು ಓಡಿದೆ. ಹೆಡ್‌ಮಾಸ್ಟರು ಮೊದಲ ಕಡುಬನ್ನು ಬಾಯಿಗಿಟ್ಟು ಕಣ್ಣು ಮುಚ್ಚಿದರು. ಅಕ್ಕಿ ಮಂಡಿಯವರು ಅದನ್ನು ಅನ್ನ ತುಪ್ಪದ ಜೊತೆ ಕಿವುಚಿ ಕಲೆಸಿ ಉಂಡರು. ನಾಲ್ಕು ತಿಂಗಳ ನನ್ನ ನೆರಿಗೆ! ನಾನು ಭಟ್ಟರ ಮುಖ ನೋಡಿದೆ. ಅವರು ಬಾಯಿ ಬಿಟ್ಟು ನಗುತ್ತಿದ್ದರು. ತಣ್ಣಗಾದದ್ದನ್ನೂ ಯಾರೂ ಎಲೆಯಲ್ಲಿ ಬಿಡಲಿಲ್ಲ, ಇಬ್ಬರು ಅಳಿಯಂದಿರೂ ಸೇರಿ. ಎಲೆ ಮಡಿಚಿದ ಮೇಲೆ ಛತ್ರದವ್ವ ಸೊಂಟದ ಬೀಗದಕೈ ತೆಗೆದು ಒರಳುಕಲ್ಲಿನ ಮೇಲಿಟ್ಟು, ಮನೆಗೆ ಹೋದರು.

ಅಂದಿನಿಂದ ನಮ್ಮಲ್ಲಿ ಊಟ ಶುರುವಾಗುವುದು ಒಂದು ಚಮಚ ಅನ್ನ, ಒಂದು ತೊಟ್ಟು ತುಪ್ಪದಿಂದ. ಆಮೇಲೆ ಕ್ಯಾಂಟನ್. ಊಟಿಗೆ ಹೋಗುವ ಕಾರಿನವರು ನಿಲ್ಲಿಸತೊಡಗಿದರು. ಇದೂ ಚೈನಾದ ಪದ್ಧತಿಯೇ ಎಂದು ಕೇಳುವವರಿಗೆ ಭಟ್ಟರು "ಛತ್ರದ್ದು" ಎನ್ನುತ್ತಿದ್ದರು. ಕೆಲವು ವರ್ಷಕ್ಕೆ ಡಾಕ್ಟರು ಉರಿಯ ಹತ್ತಿರ ಹೋಗಬೇಡಿ ಎಂದರು. ಭಟ್ಟರು ಬಾಣಲೆಯನ್ನು ನನ್ನ ಕೈಗೆ ಕೊಟ್ಟರು. ಹೆಂಗಸಿಗಾ ಎಂದು ಯಾರೋ ಕೇಳಿದ್ದಕ್ಕೆ, "ಅವಳು ಕೇಳ್ದೇ ಇದ್ದಿದ್ರೆ ಈ ಛತ್ರ ಇರ್ತಿತ್ತೇನಪ್ಪ?" ಎಂದರಂತೆ. ನನ್ನ ಎದುರು ಹಾಗೆ ಒಂದು ದಿನವೂ ಹೇಳಲಿಲ್ಲ, ಕಳ್ಳರು. ಉರಿಯಿಂದ ದೂರವಾದ ಮೇಲೆ ಅವರಿಗೆ ಹುಬ್ಬು ಬೆಳೆಯಿತು, ಬೆಳ್ಳಗೆ, ಪೊದೆಯಾಗಿ. ಛತ್ರದವ್ವ "ಈಗ ಮನುಷ್ಯನಂಗೆ ಕಾಣ್ತೀಯ ಬುಡು" ಎಂದು ಛೇಡಿಸುತ್ತಿದ್ದರು. ನನ್ನ ಹುಬ್ಬು ಉದುರಿತು. ಮಗಳು ಪೆನ್ಸಿಲು ತಂದುಕೊಟ್ಟಿದ್ದಾಳೆ; ನಾನು ಬರೆದುಕೊಳ್ಳುವುದಿಲ್ಲ.

ಭಟ್ಟರು ಹೋದದ್ದು ಬೆಳಗಿನ ಹೊತ್ತು, ಗೋಧಿ ಹಾಲು ತಿಳಿಯಾಗುವುದನ್ನು ನೋಡುತ್ತಾ ಕುರ್ಚಿಯಲ್ಲಿ ಕೂತಲ್ಲೇ. ಹನ್ನೊಂದನೆಯ ದಿನ ಛತ್ರದಲ್ಲೇ ಊಟ. ಟಿ. ನರಸೀಪುರದಿಂದ ಅವರ ಕಡೆಯವರು, ಬುಟ್ಟಿ ಹೆಣೆಯುವ ಮೇದರು, ಊರಿನವರು ಎಲ್ಲ ಎಲೆಯ ಮುಂದೆ ಕೂತರು. ಎಲ್ಲರಿಗೂ ಮೊದಲು ಅನ್ನ, ತುಪ್ಪ ಬಡಿಸಿಸಿದೆ. ಅವರ ಫೋಟೋದ ಮುಂದೆ ಇಟ್ಟ ಎಡೆಯ ಎಲೆಗೆ ಮಾತ್ರ ನಾನೇ ಬಡಿಸಿದೆ: ಹಬೆಯಾಡುವ ಗಾಜಿನ ಕಡುಬು ಮೊದಲು, ಆಮೇಲೆ ಒಂದೊಂದೇ ಸುತ್ತು, ಅನ್ನದ ಪೊಟ್ಟಣ ಕಟ್ಟಕಡೆಗೆ. ಅವರು ಆ ಮೊದಲ ದಿನ ಬಡಿಸಬೇಕೆಂದುಕೊಂಡಿದ್ದ ಕ್ರಮದಲ್ಲಿ.

ಛತ್ರದವ್ವ ಕೋಲೂರಿಕೊಂಡು ಪಕ್ಕದಲ್ಲೇ ನಿಂತು ನೋಡುತ್ತಿದ್ದರು. ಬೈಯುತ್ತಾರೇನೋ ಎಂದುಕೊಂಡೆ.

"ಬಿಸಿ ಆರೋಗಾದ್ರೊಳಗೆ ಉಣ್ಣಪ್ಪ" ಎಂದರು ಫೋಟೋಗೆ.