ಹುಂಡಿಯಕ್ಕ ಗೂಡು ತೆರೆದ ದಿನ

ನಮ್ಮ ಬೀದಿಯಲ್ಲಿ ಮನುಷ್ಯರಿಗಿಂತ ಹಂದಿಗಳೇ ಹೆಚ್ಚು. ಮೂಗು ಮುಚ್ಚಿಕೊಳ್ಳಬೇಡಿ, ಎಲ್ಲವೂ ಪಿಂಗಾಣಿ ಹಂದಿಗಳು. ಬೆನ್ನ ಮೇಲೆ ಸೀಳು, ಹೊಟ್ಟೆಯೊಳಗೆ ಚಿಲ್ಲರೆ. ಬೀದಿಯ ತುದಿಯ ಸಣ್ಣ ಕಾರ್ಖಾನೆಯಲ್ಲಿ ಅವುಗಳಿಗೆ ಬಣ್ಣ ಬರೆಯುತ್ತಿದ್ದವಳು ಹುಂಡಿಯಕ್ಕ. ಹೆತ್ತವರು ಇಟ್ಟ ಹೆಸರು ಬೇರೆ ಇತ್ತಂತೆ. ಕರೆಯುವವರಿಲ್ಲದೆ ಅದು ತುಕ್ಕು ಹಿಡಿದು ಉದುರಿಹೋಗಿತ್ತು.

ಕಿವಿ, ಬಾಲ, ಹೂವು, ಎಲೆ ಯಾರು ಬೇಕಾದರೂ ಬರೆಯಬಹುದಿತ್ತು. ಕಣ್ಣು ಮಾತ್ರ ಅವಳೇ ಬರೆಯಬೇಕು. ಅವಳು ಕಣ್ಣು ಬರೆದ ಹಂದಿಯನ್ನು ಯಾವ ಮೂಲೆಯಲ್ಲಿಟ್ಟರೂ ಅದು ನಿಮ್ಮ ಜೇಬನ್ನೇ ನೋಡುತ್ತಿತ್ತು. ಒಂದು ಮನೆಗೆ ನುಗ್ಗಿದ ಕಳ್ಳ, ಕಪಾಟಿನ ಮೇಲಿದ್ದ ಹಂದಿಯ ನೋಟ ತಾಳಲಾರದೆ ತನ್ನ ಜೇಬಿನಲ್ಲಿದ್ದುದನ್ನೂ ಅದರೊಳಗೆ ಹಾಕಿ ಹೋದನಂತೆ. ಈ ಸಂಗತಿಯನ್ನು ನಂಬದವನು ನಮ್ಮ ಬೀದಿಯಲ್ಲಿ ಒಬ್ಬನೇ ಇದ್ದ. ಅವನ ಮೇಲೆಯೇ ಎಲ್ಲರಿಗೂ ಅನುಮಾನ.

ಆ ಕೆಲಸದ ರೀತಿಯೇ ವಿಚಿತ್ರ. ಬರೆಯುವಾಗ ನೀಲಿ ಬೂದಿಯ ಹಾಗೆ ಕಾಣುತ್ತದೆ, ಗುಲಾಬಿ ಕೆಸರಿನ ಹಾಗೆ. ಬರೆದಾದ ಮೇಲೆ ಹಾಲಿನಂಥ ಹೊಳಪು ದ್ರಾವಣದಲ್ಲಿ ಹಂದಿಯನ್ನು ಅದ್ದಿದರೆ ಬರೆದದ್ದೆಲ್ಲ ಮುಚ್ಚಿಹೋಗುತ್ತದೆ. ಆಮೇಲೆ ಸುಡುವ ಗೂಡಿಗೆ. ಬೆಂಕಿ ನಿಲ್ಲಿಸಿದ ಮೇಲೂ ಎರಡು ದಿನ ಗೂಡಿನ ಬಾಗಿಲನ್ನು ಮುಟ್ಟುವಂತಿಲ್ಲ. ಕಾದ ಪಿಂಗಾಣಿಗೆ ತಣ್ಣನೆಯ ಗಾಳಿ ಸೋಕಿದರೆ ಮಾಲೆಲ್ಲ ಬಿರುಕು. ಆ ಬಾಗಿಲನ್ನು ಹುಂಡಿಯಕ್ಕ ಕಾದ ಹಾಗೆ ಖಜಾನೆಯನ್ನೂ ಯಾರೂ ಕಾದಿರಲಾರರು. ಕಾರ್ಖಾನೆಯ ಯಜಮಾನನೇ ತಡೆಯಲಾರದೆ ಹತ್ತಿರ ಹೋದರೂ ಬಿಡುತ್ತಿರಲಿಲ್ಲ.

"ಒಂಚೂರು ಇಣುಕಿ ನೋಡ್ತೀನಿ ಕಣಮ್ಮ."

"ಇಣುಕೋ ಚಟ ಇದ್ರೆ ಪಕ್ಕದ ಮನೆ ಕಿಟಕೀಲಿ ಇಣುಕಿ. ಇಲ್ಲಿ ಬೇಡ."

ಯಜಮಾನ ಕೂಗಿದರೆ ಮೂರು ಬೀದಿಯಾಚೆ ಒಣಗಿಸಿದ ಬಟ್ಟೆ ಹಾರಿಹೋಗುತ್ತಿತ್ತು. ಆದರೆ ಇವಳ ಮುಂದೆ ಅವನ ಗಂಟಲಿಗೆ ಬೀಗ.

ಅವಳಿಗೆ ಇದ್ದವಳು ಒಬ್ಬಳೇ ತಂಗಿ, ಪುಟ್ಟಿ. ತಲೆಗೂದಲು ಬೆಳ್ಳಗಾದ ಮೇಲೂ ಪುಟ್ಟಿಯೇ. ತಾಯಿ ಹೋದಾಗ ಪುಟ್ಟಿಗೆ ತನ್ನ ಜಡೆ ತಾನು ಹೆಣೆದುಕೊಳ್ಳಲೂ ಬರುತ್ತಿರಲಿಲ್ಲ. ಸಾಕಿ, ಓದಿಸಿ, ಒಬ್ಬ ಬಸ್ ಡ್ರೈವರನಿಗೆ ಮದುವೆ ಮಾಡಿಕೊಟ್ಟಳು ಅಕ್ಕ. ತನ್ನ ಮದುವೆಯ ಮಾತು ಬಂದರೆ, "ಇಷ್ಟು ಹಂದಿ ಸಾಕ್ತಾ ಇದೀನಿ, ಇನ್ನೊಂದು ಯಾಕೆ?" ಎಂದು ನಕ್ಕು ಬಿಡುತ್ತಿದ್ದಳು.

ಸುಟ್ಟಾಗ ಕೆಟ್ಟ ಮಾಲನ್ನು ಕೆಲಸದವರು ಮನೆಗೆ ಒಯ್ಯಬಹುದಿತ್ತು. ಅವೆಲ್ಲ ಪುಟ್ಟಿಯ ಮನೆ ಸೇರಿದವು. ಒಂದಕ್ಕೆ ಕಿವಿಯಿಲ್ಲ, ಒಂದಕ್ಕೆ ಮೂತಿ ಸೊಟ್ಟ, ಇನ್ನೊಂದು ವಾಲಿ ಮಲಗಿದ ಕುಡುಕನ ಹಾಗೆ ಒಂದೇ ಮಗ್ಗುಲು. ಪುಟ್ಟಿ ಅವಕ್ಕೆ ಇಲಾಖೆ ಹಂಚಿದ್ದಳು. ಕಿವಿಯಿಲ್ಲದ್ದು ಮಕ್ಕಳ ಚಪ್ಪಲಿಗೆ, ಸೊಟ್ಟ ಮೂತಿಯದ್ದು ಔಷಧಿಗೆ, ಕುಡುಕ ಹಂದಿ ಸಿನಿಮಾಕ್ಕೆ. ತಿಂಗಳ ಕೊನೆಗೆ ಔಷಧಿ ಹಂದಿಯನ್ನು ತಲೆಕೆಳಗೆ ಮಾಡಿ, ಹೇರ್‌ಪಿನ್ನಿನಿಂದ ಕೆದಕಿ, ಸಿನಿಮಾ ನೋಡಿಬರುತ್ತಿದ್ದಳು.

"ಅಕ್ಕಾ, ಊರಿಗೆಲ್ಲ ನೆಟ್ಟಗಿರೋ ಹಂದಿ ಕೊಡ್ತೀಯ. ನಮ್ಮನೆ ನೋಡಿದ್ರೆ ಹಂದಿಗಳ ಆಸ್ಪತ್ರೆ!"

ಕಡೆಗೆ ಪುಟ್ಟಿಯೇ ಆಸ್ಪತ್ರೆ ಸೇರಿದಳು. ಹೊಟ್ಟೆಯೊಳಗೆ ಏನೋ ಬೆಳೆದಿತ್ತು. ತೆಗೆಯಲು ಹೋದ ಡಾಕ್ಟರು ಹಾಗೇ ಹೊಲಿದು ಮುಚ್ಚಿದರು. ಅದನ್ನು ಗಂಡನಿಗೂ ಅಕ್ಕನಿಗೂ ಹೇಳಿದರು. ಅವರಿಬ್ಬರೂ ಪುಟ್ಟಿಗೆ ಮಾತ್ರ ಹೇಳಲಿಲ್ಲ. ಮುಂದಿನ ವಾರ ಮನೆಗೆ, ಹೊಲಿಗೆ ಒಣಗಿದರೆ ಸಾಕು ಎಂದು ನಗುನಗುತ್ತಾ ಹೇಳಿ, ಹೊರಗಿನ ನಲ್ಲಿಯ ಹತ್ತಿರ ಹೋಗಿ ಸರದಿಯ ಮೇಲೆ ಮುಖ ತೊಳೆದುಕೊಂಡು ಬರುತ್ತಿದ್ದರು.

"ಮನೆಗೆ ಹೋಗೋಷ್ಟರಲ್ಲಿ ಊನ ಇಲ್ಲದ ಒಂದೇ ಒಂದು ಹಂದಿ ಮಾಡಿಕೊಡೇ ಅಕ್ಕಾ," ಎಂದಳು ಪುಟ್ಟಿ. "ಮೈತುಂಬಾ ನೀಲಿ ಹೂವು ಇರಲಿ."

ಹುಂಡಿಯಕ್ಕ ಹಂದಿಯೊಂದನ್ನು ಆರಿಸಿ, ತಿರುಗಿಸಿ ತಿರುಗಿಸಿ ನೋಡಿ, ಬೆರಳಿನಿಂದ ತಟ್ಟಿ ಸದ್ದು ಕೇಳಿ ಕೂತಳು. ಹೆಣ್ಣು ನೋಡಲು ಬಂದವರೂ ಅಷ್ಟು ಪರೀಕ್ಷೆ ಮಾಡುವುದಿಲ್ಲ. ಹೂವುಗಳನ್ನು ಎಷ್ಟು ಸಣ್ಣಗೆ ಬರೆದಳೆಂದರೆ ಸೊಳ್ಳೆ ಮುಡಿದುಕೊಳ್ಳಬಹುದಿತ್ತು. ಒಂದು ಅಂಗಡಿಗೆ ಹೋಗಬೇಕಾದ ದೊಡ್ಡ ಮಾಲಿನ ನಡುವೆ, ಉರಿ ಸಮನಾಗಿ ತಾಗುವ ಜಾಗದಲ್ಲಿ ಅದನ್ನಿಟ್ಟು ಬಾಗಿಲು ಮುಚ್ಚಿದರು. ಗೂಡು ಉರಿಯಿತು. ಬೆಂಕಿ ನಿಲ್ಲಿಸಿದ ಮರುಬೆಳಗ್ಗೆ, ಬಾಗಿಲು ಇನ್ನೂ ಕೈಗೆ ಕಾವು ಕೊಡುತ್ತಿದ್ದಾಗ, ಪುಟ್ಟಿಯ ಗಂಡನ ಫೋನು ಬಂತು.

"ಅಕ್ಕಾ, ಬಂದುಬಿಡಿ. ಇವತ್ತು ಸಂಜೆ ದಾಟೋದು ಕಷ್ಟ ಅಂತಿದಾರೆ."

ಯಜಮಾನ ಪೆಟ್ಟಿಗೆ ತರಲು ಹೋಗಿದ್ದ. ಅವನಿದ್ದಿದ್ದರೂ ತಡೆಯುತ್ತಿದ್ದನೋ ಇಲ್ಲವೋ. ಹುಂಡಿಯಕ್ಕ ಗೂಡಿನ ಮುಂದೆ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಚರ್ಮದ ಕೈಗವಸು ತೊಟ್ಟು ಚಿಲಕ ಎಳೆದಳು.

ಒಳಗಿನಿಂದ ಟಿಂಗ್ ಎಂದಿತು. ಮತ್ತೆ ಟಿಂಗ್. ಆಮೇಲೆ ಇಡೀ ಮಾಲು ಒಂದರ ಹಿಂದೆ ಒಂದು ಬಿರಿಯತೊಡಗಿತು. ಅವಳು ಆ ಕಡೆ ನೋಡಲಿಲ್ಲ. ನೀಲಿ ಹೂವಿನದ್ದನ್ನು ಎತ್ತಿ, ಗೋಣಿಚೀಲದ ತುಂಡಿನಲ್ಲಿ ಸುತ್ತಿ, ಬಸ್ಸು ಹತ್ತಿದಳು.

ಬಸ್ಸಿನಲ್ಲಿ ಪಕ್ಕದ ಹೆಂಗಸು ಆ ಗಂಟಿಗೆ ಮೊಣಕೈ ತಾಗಿ ಬೆಚ್ಚಿದಳು. "ಏನಮ್ಮಾ, ಬಿಸಿಬಿಸಿ ಊಟಾನಾ?"

"ಅಲ್ಲ, ಹಂದಿ," ಎಂದಳು ಹುಂಡಿಯಕ್ಕ. ಆ ಹೆಂಗಸು ಎದ್ದು ಡ್ರೈವರನ ಹತ್ತಿರ ಹೋಗಿ ನಿಂತಳು. ಬೇರೆ ದಿನವಾಗಿದ್ದರೆ ಇದನ್ನೇ ಹೇಳಿಕೊಂಡು ಅಕ್ಕತಂಗಿಯರು ಒಂದು ವಾರ ನಗುತ್ತಿದ್ದರು.

ಪುಟ್ಟಿಗೆ ಎಚ್ಚರವಿತ್ತು. ಕೈಗಳು ಮಂಜುಗಡ್ಡೆ. ಅಕ್ಕ ಗೋಣಿ ಬಿಚ್ಚಿ ಹಂದಿಯನ್ನು ಅವಳ ಅಂಗೈಗಳ ನಡುವೆ ಇಟ್ಟಳು. ಬೆನ್ನಿನ ಸೀಳಿನಿಂದ ಹೊಟ್ಟೆಯವರೆಗೆ ಕೂದಲೆಳೆಯಷ್ಟು ಬಿರುಕು ಇಳಿದಿತ್ತು. ಆ ಮಗ್ಗುಲನ್ನು ತನ್ನ ಕೈಯಿಂದ ಮುಚ್ಚಿ ಹಿಡಿದಳು.

"ಅಯ್ಯೋ, ಎಷ್ಟು ಬೆಚ್ಚಗಿದೆಯೇ!" ಪುಟ್ಟಿಯ ಮುಖ ಅರಳಿತು. "ಹೂವು ಎಷ್ಟು ಚಂದ..."

ಹಾಗನ್ನುತ್ತಲೇ ಅವಳ ಬೆರಳು ಅಕ್ಕನ ಕೈಯಡಿ ನುಸುಳಿ ಬಿರುಕನ್ನು ಹಿಡಿಯಿತು. ಹುಂಡಿಗಳ ಊನ ಹುಡುಕುವುದರಲ್ಲಿ ಅವಳನ್ನು ಮೀರಿಸುವವರು ಯಾರು?

"ಇದೂನಾ?"

"ಗೂಡು ಬೇಗ ತೆಗೆದಿದ್ದಕ್ಕೆ ಕಣೇ."

"ಯಾರು ತೆಗೆದಿದ್ದು?"

"ನಾನೇ."

"ನೀನಾ?" ಪುಟ್ಟಿ ನಕ್ಕಳು. ಆಮೇಲೆ ಅವಳ ನಗು ನಿಧಾನವಾಗಿ ನಿಂತಿತು. ಅಕ್ಕನ ಮುಖ ನೋಡಿದಳು, ಕಿಟಕಿಯ ಕಡೆ ತಿರುಗಿ ನಿಂತ ಗಂಡನ ಬೆನ್ನು ನೋಡಿದಳು. ಡಾಕ್ಟರು ಬಾಯಿಬಿಡದ್ದು, ಇವರಿಬ್ಬರೂ ಇಷ್ಟು ದಿನ ಮುಚ್ಚಿಟ್ಟದ್ದು ಅವಳಿಗೆ ಗೊತ್ತಾಯಿತು. ನಾಳೆ ಎಂಬುದೊಂದು ಇದ್ದಿದ್ದರೆ ಅಕ್ಕ ಗೂಡಿನ ಬಾಗಿಲು ಮುಟ್ಟುವವಳಲ್ಲ.

ಹುಂಡಿಯಕ್ಕನಿಗೂ ಆಗಲೇ ಹೊಳೆದದ್ದು, ತಾನು ಏನನ್ನು ತಂದು ಕೊಟ್ಟೆ ಎಂದು. ಹಂದಿಯನ್ನು ಹಿಂದಕ್ಕೆ ತೆಗೆದುಕೊಳ್ಳಲು ಹೋದಳು.

"ತೆಗೀಬೇಡ," ಎಂದಳು ಪುಟ್ಟಿ. "ಚಳಿಯಾಗ್ತಿದೆ. ಇರಲಿ." ಹಂದಿಯನ್ನು ಎದೆಗೆ ಎಳೆದುಕೊಂಡು, "ಅವರಿಗೆ ಬೈಬೇಡ ಅಕ್ಕಾ. ಸುಳ್ಳು ಹೇಳೋಕೂ ಸರಿಯಾಗಿ ಬರಲ್ಲ ಪಾಪ," ಎಂದು ಗಂಡನ ಕಡೆ ಕಣ್ಣು ತೋರಿಸಿದಳು.

ಹಂದಿಯ ಬಿಸಿ ಇಳಿಯುವ ಮೊದಲೇ ಅವಳು ಹೋದಳು.

ಕಾರ್ಯಗಳೆಲ್ಲ ಮುಗಿದ ಮೇಲೆ ಹುಂಡಿಯಕ್ಕ ಕಾರ್ಖಾನೆಗೆ ಬಂದಳು. ಬಿರುಕುಬಿಟ್ಟ ಮಾಲೆಲ್ಲ ಅಂಗಳದಲ್ಲಿ ಗುಡ್ಡವಾಗಿ ಬಿದ್ದಿತ್ತು. ಅಂಗಡಿಯವರು ಬೇರೆ ಕಡೆ ಹೋಗಿಯಾಗಿತ್ತು. ಯಜಮಾನ ಇವತ್ತು ಕೂಗಿದರೆ ಊರಿನ ಹೆಂಚುಗಳೆಲ್ಲ ಹಾರುತ್ತವೆಂದು ಉಳಿದವರು ತಲೆ ತಗ್ಗಿಸಿ ಕೂತಿದ್ದರು. ಅವನು ಅವಳ ಎದುರಿಗೆ ಸ್ಟೂಲು ಎಳೆದುಕೊಂಡು ಕೂತ.

"ನೋಡಿದ್ಲಾ?"

"ನೋಡಿದ್ಲು. ಕೈಯಲ್ಲಿ ಹಿಡ್ಕೊಂಡ್ಲು."

"ಸರಿ ಹಾಗಾದ್ರೆ," ಎಂದು ಎದ್ದು, ಹೊಸ ಬಿಳಿ ಹಂದಿಗಳ ಹಲಗೆಯನ್ನು ತಾನೇ ಹೊತ್ತು ತಂದು ಅವಳ ಮುಂದಿಟ್ಟ.

ಅವಳು ಬ್ರಷ್ ಅದ್ದಿ ಮೊದಲನೆಯದಕ್ಕೆ ಕಣ್ಣು ಬರೆದಳು. ಹನಿಯೊಂದು ಬಿದ್ದು ಬಣ್ಣ ಕೆನ್ನೆಗೆ ಹರಿಯಿತು. ಒರೆಸಿ ಮತ್ತೆ ಬರೆದಳು. ಮತ್ತೆ ಹರಿಯಿತು.

"ಬ್ರಷ್ಷಿಗೆ ನೀರು ಜಾಸ್ತಿ ಆಗ್ತಿದೆ ಕಣಮ್ಮ," ಎಂದ ಯಜಮಾನ ಮೆಲ್ಲಗೆ, ಒಣ ಬಟ್ಟೆಯೊಂದನ್ನು ಅವಳ ಮಡಿಲಿಗೆ ಹಾಕಿ ಹೊರಗೆ ಹೋದ.